ಇನ್ನೊಂದು ಕಾರಿನಲ್ಲಿರಬೇಕು

ಈ ಸಂಗತಿಯನ್ನು ನಮ್ಮ ಮನೆಯವರೆಲ್ಲ ನಗುತ್ತಾ ಹೇಳುತ್ತಾರೆ. ಹುಟ್ಟುಹಬ್ಬವಿರಲಿ, ಚೌತಿಯ ಊಟವಿರಲಿ, ಅಬುಧಾಬಿಯಲ್ಲಿ ಊರಿನ ನಾಲ್ಕು ಜನ ಸೇರಿದ ಕಡೆ ತಮ್ಮನ ಭಾವ ತಟ್ಟೆ ಹಿಡಿದುಕೊಂಡೇ ಶುರು ಮಾಡುತ್ತಾರೆ: "ಇವರ ಅಕ್ಕನನ್ನು ಪೆಟ್ರೋಲ್ ಪಂಪಿನಲ್ಲಿ ಮರೆತು ಹೋದದ್ದು ಗೊತ್ತುಂಟಾ ನಿಮಗೆ?" ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ಒಬ್ಬರಾದರೂ ನನ್ನ ಮುಖ ನೋಡಿದ್ದಿಲ್ಲ. ಅವರು ಹೇಳುವ ಕಥೆಯಲ್ಲಿ ನಾನು ಹತ್ತು ನಿಮಿಷ ಕಾದಿದ್ದೇನೆ, ಹಾಯಾಗಿ ಎ.ಸಿ.ಯಲ್ಲಿ ಕೂತು ಚಹಾ ಕುಡಿದಿದ್ದೇನೆ, ಆಮೇಲೆ ಸುಮ್ಮನೆ ಹಟ ಮಾಡಿದ್ದೇನೆ. ಆದದ್ದು ಹಾಗಲ್ಲ.

ಆಗ ನಾನು ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ತಮ್ಮನ ಮನೆಯಲ್ಲಿದ್ದೆ. ತಮ್ಮನ ಮನೆ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹಾಗೆಯೇ ಹೇಳುತ್ತಿದ್ದೆ. ನಿಜವಾಗಿ ಈ ದೇಶಕ್ಕೆ ಮೊದಲು ಬಂದವಳು ನಾನು. ಒಂದು ಖಾಸಗಿ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಟೆಕ್ನಿಶಿಯನ್ ಕೆಲಸ. ನಾನು ಬಂದು ಮೂರು ವರ್ಷದ ಮೇಲೆ ತಮ್ಮನಿಗೆ ಕೆಲಸ ಹುಡುಕಿಸಿದೆ. ಅವನು ಮದುವೆಯಾದ, ಮಗಳು ಹುಟ್ಟಿದಳು, ನಾನು ಹಿಡಿದಿದ್ದ ಫ್ಲ್ಯಾಟಿನಲ್ಲಿಯೇ ಅವರ ಸಂಸಾರ ನೆಲೆಯಾಯಿತು. ನನಗೆ ಮದುವೆಯಾಗಲಿಲ್ಲ. ಒಂಟಿ ಹೆಂಗಸು ಬೇರೆ ಕೋಣೆ ಮಾಡಿಕೊಂಡಿದ್ದರೆ ಜನ ಏನು ಹೇಳಿಯಾರು ಎಂದು ತಮ್ಮ ಹೇಳಿದ, ನಾನು ಒಪ್ಪಿದೆ. ತಮ್ಮನ ಮಗಳು ನನಗೆ ಸೊಸೆ; ಅವಳ ಕೋಣೆಯಲ್ಲಿ ಎರಡನೆಯ ಮಂಚ ನನ್ನದು. ಹುಡುಗಿಗೆ ಹದಿನಾಲ್ಕು ತುಂಬುವಾಗ ಆ ಮಂಚ ಅಲ್ಲಿ ಯಾಕಿದೆ ಎಂಬುದು ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಆ ಬೇಸಿಗೆ ಊರಿಗೆ ಹೋಗುವುದಾಗಲಿಲ್ಲ. ಟಿಕೇಟಿನ ಕ್ರಯ ಕೇಳಿ ತಮ್ಮ ಕೈಬಿಟ್ಟ. ರಜೆಯಲ್ಲಿ ಮನೆಯೊಳಗೆ ಕೂತು ಕೂತು ಹುಡುಗಿ ಮುಖ ಊದಿಸಿಕೊಂಡಿದ್ದಳು. ಆಗ ತಮ್ಮನ ಭಾವ, ಅಂದರೆ ಅವನ ಹೆಂಡತಿಯ ಅಣ್ಣ, ಒಂದು ಯೋಜನೆ ಹಾಕಿದರು. ಅವರು ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಮ್ಯಾನೇಜರ್. ಶನಿವಾರ ಬೆಳಿಗ್ಗೆ ಎರಡು ಕಾರು ಮಾಡಿಕೊಂಡು ಉತ್ತರದ ತುದಿಗೆ, ರಾಸ್ ಅಲ್ ಖೈಮಾದ ಬೆಟ್ಟಕ್ಕೆ ಹೋಗುವುದು. ಕೆಳಗೆ ಎಷ್ಟೇ ಕಾದರೂ ಮೇಲೆ ಹತ್ತು ಡಿಗ್ರಿ ಕಮ್ಮಿ. ಅಲ್ಲಿ ಊಟ ಮಾಡಿ ಸಂಜೆಗೆ ವಾಪಸು. ಊಟ ಯಾರು ಮಾಡುವುದು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ನಾನು ನಾಲ್ಕು ಗಂಟೆಗೆ ಎದ್ದೆ. ಘೀ ರೈಸ್, ಕೋಳಿ ಸುಕ್ಕ, ಕಡ್ಲೆ ಮನೋಳಿ, ಮೊಸರನ್ನ, ದಾರಿಗೆ ಬನ್ಸ್. ಏಳು ಗಂಟೆಗೆ ಹೊರಡುವಾಗ ತಮ್ಮನ ಹೆಂಡತಿ ಕೂದಲು ಒಣಗಿಸಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತಳು. ನಾನು ಹಿಂದೆ, ಕಾಲ ಕೆಳಗೆ ಐಸ್ ಬಾಕ್ಸ್ ಇಟ್ಟುಕೊಂಡು, ಮೊಣಕಾಲು ಎದೆಗೆ ಮುಟ್ಟುವ ಹಾಗೆ.

ಜೆಬೆಲ್ ಅಲಿಯ ಹತ್ತಿರ ಹೆದ್ದಾರಿಯ ಪೆಟ್ರೋಲ್ ಪಂಪಿನಲ್ಲಿ ಭಾವ ಮತ್ತು ಅವರ ಹೆಂಡತಿ ತಮ್ಮ ದೊಡ್ಡ ಕಾರಿನಲ್ಲಿ ಕಾಯುತ್ತಿದ್ದರು. ಅದು ಮೊದಲನೆಯ ನಿಲುಗಡೆ. ನಾನು ಇಳಿದು ಡಿಕ್ಕಿ ತೆಗೆದು ಎಲ್ಲರಿಗೂ ಪೇಪರ್ ತಟ್ಟೆಯಲ್ಲಿ ಬನ್ಸ್ ಹಾಕಿ ಕೊಟ್ಟೆ. ಅವರು ಕಾರಿನೊಳಗೆ ಕೂತು ಗಾಜು ನಾಲ್ಕು ಬೆರಳು ಇಳಿಸಿ ತೆಗೆದುಕೊಂಡರು. ಎಂಟೂಕಾಲಿಗೇ ಡಾಂಬರು ಚಪ್ಪಲಿಯ ಮೂಲಕ ಸುಡುತ್ತಿತ್ತು. ಭಾವ ಇನ್ನೆರಡು ಕೇಳಿದರು. ಚಟ್ನಿ ಇಲ್ಲವಾ ಎಂದೂ ಕೇಳಿದರು. ಬನ್ಸಿಗೆ ಚಟ್ನಿ ಮಾಡಿ ತಂದಿದ್ದೆ, ಕೊಟ್ಟೆ. ನಾನು ತಿನ್ನುವ ಹೊತ್ತಿಗೆ ತಮ್ಮ ಕಾರು ಸ್ಟಾರ್ಟ್ ಮಾಡಿ ಆಗಿತ್ತು.

ಎರಡನೆಯ ನಿಲುಗಡೆ ಉಮ್ಮ್ ಅಲ್ ಕ್ವೈನ್ ಕಡೆಯ ದಾರಿಬದಿಯ ಒಂದು ಕೆಫೆಟೀರಿಯಾ. ಇಲ್ಲಿಯ ಕೆಫೆಟೀರಿಯಾ ಎಂದರೆ ಒಂದು ಸಣ್ಣ ಅಂಗಡಿ. ಕಾರನ್ನು ಅದರ ಎದುರು ನಿಲ್ಲಿಸಿ ಹಾರ್ನ್ ಹೊಡೆದರೆ ಒಳಗಿನವನು ಬಿಸಿಲಿಗೆ ಓಡಿಬಂದು ಗಾಜಿನ ಬಳಿ ನಿಂತು ಏನು ಬೇಕೆಂದು ಕೇಳುತ್ತಾನೆ, ಕರಕ್ ಚಹಾ ತಂದು ಕೈಗೆ ಕೊಡುತ್ತಾನೆ. ಭಾವ ಕೈಯನ್ನು ಹಾರ್ನಿನ ಮೇಲಿಟ್ಟು ತೆಗೆಯಲೇ ಇಲ್ಲ. ಬಂದ ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ವಾಪಸು ಕಳಿಸಿದರು. ಎರಡನೆಯ ಸಲ ಕಮ್ಮಿಯಾಯಿತೆಂದು ಕಳಿಸಿದರು. ಆ ಮನುಷ್ಯನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಾನು ಪಕ್ಕದ ಕಾರಿನಿಂದ ನೋಡಿದೆ, ಒಂದು ಮಾತೂ ಆಡಲಿಲ್ಲ. ಅವತ್ತಿನ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೆಯೇ ಇದೆ, ಅದು ಅಲ್ಲಿಂದ ಶುರುವಾದದ್ದು.

ಆಮೇಲೆ ರಸ್ತೆಯ ಪಕ್ಕದ ಹಣ್ಣಿನ ಅಂಗಡಿಗಳಲ್ಲಿ ನಿಂತೆವು. ಹಸಿ ಖರ್ಜೂರದ ಕಾಲ. ಟಾರ್ಪಾಲಿನ ಕೆಳಗೆ ಹಳದಿ ಗೊನೆಗಳನ್ನು ತೂಗುಹಾಕಿದ್ದರು. ಇಬ್ಬರು ಹೆಂಗಸರು ಕಾಲು ಗಂಟೆ ಚೌಕಾಶಿ ಮಾಡಿದರು. ಕೊಂಡದ್ದನ್ನೆಲ್ಲ ನಾನು ಹಿಡಿದು ನಿಂತೆ. ಸೊಸೆ ನನ್ನ ಫೋನು ತೆಗೆದುಕೊಂಡಿದ್ದಳು, ಅವಳ ಟ್ಯಾಬಿಗೆ ನನ್ನದರಿಂದ ನೆಟ್ ಬೇಕಿತ್ತು. ಇನ್ನು ಫೋನು ಕೊಡು ಎಂದರೆ, "ಒನ್ ಮಿನಿಟ್, ಅತ್ತೆ" ಎಂದಳು. ಆ ಒಂದು ನಿಮಿಷ ಇಡೀ ದಿನವಾಯಿತು.

ರಾಸ್ ಅಲ್ ಖೈಮಾ ಊರು ದಾಟಿ, ಬೆಟ್ಟದ ದಾರಿಗೆ ತಿರುಗುವ ಮೊದಲು ಒಂದು ಪೆಟ್ರೋಲ್ ಪಂಪು ಸಿಕ್ಕಿತು. ಆಚೆ ಬದಿಯಲ್ಲಿ ಒಂದು ಕೆಫೆಟೀರಿಯಾ, ಅದರ ಹಿಂದೆ ಬರೀ ಕಲ್ಲು, ಕಲ್ಲಿನ ಹಿಂದೆ ಬೆಟ್ಟ. ಹನ್ನೊಂದೂಕಾಲು. ಕಾರಿನ ಪರದೆ ಹೊರಗೆ ನಲವತ್ತೇಳು ಡಿಗ್ರಿ ಎಂದು ತೋರಿಸುತ್ತಿತ್ತು. ಮೇಲೆ ಹತ್ತಿದರೆ ಟಾಯ್ಲೆಟ್ ಸಿಗುತ್ತದೋ ಇಲ್ಲವೋ, ಹೋಗುವವರು ಈಗಲೇ ಹೋಗಿ ಎಂದ ತಮ್ಮ. ಬೇರೆಯವರೆಲ್ಲ ಹೋಗಿ ಬರುವವರೆಗೆ ನಾನು ಐಸ್ ಬಾಕ್ಸಿನಿಂದ ನೀರು ತೆಗೆದು ಬಾಟಲಿಗಳಿಗೆ ತುಂಬಿಸಿದೆ. ಕೊನೆಗೆ ನಾನು ಹೊರಟೆ. ತಮ್ಮನ ಹೆಂಡತಿಗೆ ಹೇಳಿಯೇ ಹೋದೆ. ಅವಳು ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತಾ ತಲೆಯಾಡಿಸಿದಳು. ಹೆಂಗಸರ ಟಾಯ್ಲೆಟ್ಟಿಗೆ ಬೀಗ. ಕೀ ಪಂಪಿನ ಅಂಗಡಿಯಲ್ಲಿ. ಅಂಗಡಿಯವನ ಮುಂದೆ ಸಾಲು. ಎಲ್ಲ ಸೇರಿ ಹದಿನೈದು ನಿಮಿಷ ಆಗಿರಬಹುದು.

ಹೊರಗೆ ಬಂದರೆ ಎರಡೂ ಕಾರಿಲ್ಲ.

ನಡೆದದ್ದೇನೆಂದು ಆಮೇಲೆ ತಿಳಿಯಿತು. ಭಾವನ ಹೆಂಡತಿಗೆ ನಾದಿನಿಯ ಜೊತೆ ಮಾತಾಡುತ್ತಾ ಹೋಗಬೇಕೆನ್ನಿಸಿ ತಮ್ಮನ ಕಾರಿಗೆ ಬಂದರು. ಸೊಸೆಗೆ ಭಾವನ ಕಾರಿನ ದೊಡ್ಡ ಪರದೆ ಬೇಕೆನ್ನಿಸಿ ಅವಳು ಅಲ್ಲಿಗೆ ಹೋದಳು. ಹುಡುಗಿಯ ಜೊತೆ ಅಕ್ಕನೂ ಹೋಗಿರಬೇಕು ಎಂದು ತಮ್ಮ ಎಣಿಸಿದ. ಅತ್ತೆ ಡ್ಯಾಡಿಯ ಕಾರಿನಲ್ಲಿರಬೇಕು ಎಂದು ಹುಡುಗಿ ಎಣಿಸಿದಳು. ಭಾವ ಏನೂ ಎಣಿಸಲಿಲ್ಲ. ನನ್ನನ್ನು ಎಣಿಸುವ ಅಭ್ಯಾಸ ಅವರಿಗಿರಲಿಲ್ಲ. ತಮ್ಮನ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಕೈಚೀಲವಿತ್ತು. ಭಾವನ ಹೆಂಡತಿ ಅದನ್ನು ಸ್ವಲ್ಪ ಆಚೆ ಸರಿಸಿ ಕೂತರಂತೆ.

ಮೊದಲು ನನಗೆ ಗಾಬರಿಯಾಗಲಿಲ್ಲ. ಕಾರನ್ನು ನೆರಳಿಗೆ ತೆಗೆದುಕೊಂಡು ಹೋಗಿರಬೇಕೆಂದು ಪಂಪಿನ ಸುತ್ತ ಒಂದು ಸುತ್ತು ಬಂದೆ. ಟಯರಿಗೆ ಗಾಳಿ ಹಾಕುವ ಕಡೆ ನೋಡಿದೆ, ಕಾರು ತೊಳೆಯುವ ಶೆಡ್ಡಿನ ಒಳಗೆ ನೋಡಿದೆ. ಎರಡನೆಯ ಸುತ್ತು ಬರುವಾಗ ತಲೆ ತಿರುಗಿದ ಹಾಗಾಯಿತು. ಬೆಳಿಗ್ಗೆಯಿಂದ ಹೊಟ್ಟೆಗೆ ಅರ್ಧ ಬನ್ಸ್ ಬಿಟ್ಟರೆ ಏನೂ ಇರಲಿಲ್ಲ. ಕೈಯಲ್ಲಿ ಫೋನಿಲ್ಲ, ಚೀಲವಿಲ್ಲ, ಒಂದು ಟಿಶ್ಯೂ ಪ್ಯಾಕೆಟ್ ಮಾತ್ರ. ಸೀದಾ ಕೆಫೆಟೀರಿಯಾದ ಬಾಗಿಲು ದೂಡಿ ಒಳಗೆ ಹೋಗಿ ಅಲ್ಲಿದ್ದ ಒಂದೇ ಮೇಜಿನ ಮುಂದೆ ಕೂತೆ.

ಒಳಗೆ ಒಬ್ಬರೇ ಇದ್ದರು. ಐವತ್ತರ ಆಸುಪಾಸು, ನರೆತ ಗಡ್ಡ, ತಲೆಗೆ ಕಾಗದದ ಟೊಪ್ಪಿ. ಕೇಳದೆಯೇ ಒಂದು ಬಾಟಲಿ ನೀರು ತಂದು ಮುಂದಿಟ್ಟರು. ಹಿಂದಿಯಲ್ಲಿ ನನ್ನ ಸ್ಥಿತಿ ಹೇಳಿ ಫೋನು ಕೇಳಿದೆ. ಕೊಟ್ಟರು. ಆಗ ಗೊತ್ತಾಯಿತು, ನನಗೆ ತಮ್ಮನ ನಂಬರು ಬಾಯಿಗೆ ಬರುವುದಿಲ್ಲ. ಯಾರ ನಂಬರೂ ಬರುವುದಿಲ್ಲ. ಬರುವುದು ನನ್ನದೊಂದೇ. ಅದಕ್ಕೇ ಹಚ್ಚಿದೆ. ರಿಂಗಾಯಿತು, ಸೊಸೆ ಎತ್ತಿದಳು. ಹಿಂದೆ ಜೋರಾಗಿ ಹಾಡು.

ನಾನು ಅತ್ತೆ ಮಾತಾಡುವುದು ಎಂದೆ. ಅವಳಿಗೆ ಕೇಳಲಿಲ್ಲ.

"ಹಲೋ? ಹಲೋ? ಶೀ ಈಸ್ ಇನ್ ದಿ ಅದರ್ ಕಾರ್. ಕಾಲ್ ಲೇಟರ್," ಎಂದು ಇಟ್ಟುಬಿಟ್ಟಳು.

ಮತ್ತೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ರಿಂಗಾಗಲಿಲ್ಲ; ಕಾರು ಬೆಟ್ಟದ ಸಂದಿಗೆ ಹೋಗಿತ್ತು. ಆಗ ನನ್ನ ಬಾಯಿಯಿಂದ ತುಳುವಿನಲ್ಲಿ ಒಂದು ಬೈಗುಳ ಬಂತು. ಇಲ್ಲಿ ಬರೆಯುವಂಥದ್ದಲ್ಲ. ನನ್ನ ಅಜ್ಜಿ ಎಮ್ಮೆಗೆ ಬೈಯುತ್ತಿದ್ದದ್ದು.

ಕೌಂಟರಿನ ಹಿಂದಿದ್ದವರು ತಲೆಯೆತ್ತಿದರು. "ಅಕ್ಕ, ನೀವು ಊರಿನವರಾ?" ಎಂದು ಕೇಳಿದರು. ಅವರು ವಿಟ್ಲದ ಕಡೆಯವರು, ಬ್ಯಾರಿಗಳು. ಮನೆಮಾತು ಬ್ಯಾರಿಯಾದರೂ ತುಳು, ಕನ್ನಡ ಎರಡೂ ನೀರು ಕುಡಿದಂತೆ ಬರುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಈ ಬೆಟ್ಟದ ಬುಡದಲ್ಲಿ ಚಹಾ ಕಾಯಿಸುತ್ತಿದ್ದರು, ಒಮ್ಮೆಯೂ ಮೇಲೆ ಹತ್ತಿರಲಿಲ್ಲವಂತೆ. ಯಾಕೆ ಎಂದರೆ, ರಜೆ ಸಿಕ್ಕಿದರೆ ಊರಿಗೆ ಹೋಗುವುದಲ್ಲವಾ, ಕಲ್ಲು ನೋಡ್ಲಿಕ್ಕೆ ಯಾರು ಹೋಗ್ತಾರೆ ಎಂದರು.

ಅವರು ಪೊಲೀಸರಿಗೆ ಫೋನ್ ಮಾಡುವ ಎಂದರು. ಇಲ್ಲಿಯ ಪೊಲೀಸರು ಒಳ್ಳೆಯವರು, ಐದು ನಿಮಿಷದಲ್ಲಿ ಕಾರಿನ ನಂಬರಿನ ಮೇಲೆ ಹುಡುಕಿ ಕೊಡುತ್ತಾರೆ. ಮೇಲೆ ಹೋಗುವ ಯಾರದ್ದಾದರೂ ಗಾಡಿಯಲ್ಲಿ ಹೇಳಿ ಕಳಿಸುವ ಎಂದರು. ಎರಡೂ ಒಳ್ಳೆಯ ಮಾತೇ. ನಾನು ಬೇಡವೆಂದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಮೊದಲ ಅರ್ಧ ಗಂಟೆ ನಾನು ಕಾದದ್ದು ಅವರು ಬರಲಿ ಎಂದು. ಆಮೇಲೆ ಕಾದದ್ದು ಅವರಿಗೆ ಎಷ್ಟು ಹೊತ್ತಿಗೆ ನೆನಪಾಗುತ್ತದೆ ನೋಡಬೇಕೆಂದು. ಗೋಡೆಯ ಮೇಲೊಂದು ಗಡಿಯಾರವಿತ್ತು, ಅದರ ಎದುರಿಗೇ ಕುರ್ಚಿ ತಿರುಗಿಸಿಕೊಂಡೆ.

ಹನ್ನೆರಡಾಯಿತು. ಹನ್ನೆರಡೂವರೆಯಾಯಿತು. ಈಗ ಮೇಲೆ ತಲುಪಿರುತ್ತಾರೆ, ಇಳಿಯುತ್ತಾರೆ, ಅಕ್ಕ ಎಲ್ಲಿ ಎನ್ನುತ್ತಾರೆ, ತಿರುಗುತ್ತಾರೆ ಎಂದು ಲೆಕ್ಕ ಹಾಕಿದೆ. ಒಂದಾಯಿತು. ಹೊರಗೆ ಕಾರುಗಳು ಬರುತ್ತಲೇ ಇದ್ದವು, ಹಾರ್ನ್ ಆಗುತ್ತಲೇ ಇತ್ತು, ಆ ಮನುಷ್ಯ ಟ್ರೇ ಹಿಡಿದು ಬಾಗಿಲು ತೆಗೆದು ಬೆಂಕಿಯಂಥ ಬಿಸಿಲಿಗೆ ಹೋಗಿ ಬರುತ್ತಲೇ ಇದ್ದರು. ಪ್ರತಿ ಸಲ ಬಾಗಿಲು ತೆರೆದಾಗ ಒಲೆಯ ಬಾಯಿ ತೆರೆದಂತೆ. ಒಬ್ಬ ಚಹಾ ತೆಗೆದುಕೊಂಡು ಗಾಜು ಏರಿಸಿದ ಮೇಲೆ ಮತ್ತೆ ಹಾರ್ನ್ ಹೊಡೆದ. ಕಪ್ಪಿನ ಮುಚ್ಚಳ ಸರಿ ಕೂತಿಲ್ಲವೆಂದು. ನನಗೆ ಎದ್ದು ಹೋಗಿ ಆ ಕಾರಿನ ಗಾಜಿಗೆ ಕುರ್ಚಿ ಎತ್ತಿ ಹಾಕಬೇಕೆನ್ನಿಸಿತು. ಸಿಟ್ಟು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ನನಗೇ ತಿಳಿಯುತ್ತಿರಲಿಲ್ಲ.

ಅವರು ನನಗೆ ಪರೋಟ, ಮೊಟ್ಟೆ ಮಾಡಿ ಕೊಟ್ಟರು. ಹಣವಿಲ್ಲ ಎಂದೆ. "ಊರಿಗೆ ಹೋದಾಗ ನಿಮ್ಮ ಮನೆಯಲ್ಲಿ ಊಟ ಹಾಕಿ, ಸರಿಯಾಯ್ತು," ಎಂದರು. ತಿಂದೆ. ಬೇರೆಯವರು ಮಾಡಿ ಬಡಿಸಿದ ಬಿಸಿ ತಿಂಡಿಯನ್ನು ಕೂತು ತಿನ್ನದೆ ಎಷ್ಟು ಕಾಲವಾಗಿತ್ತೆಂದು ಲೆಕ್ಕ ಹಾಕಲು ಹೋಗಿ ಅಲ್ಲಿಯೇ ನಿಲ್ಲಿಸಿದೆ. ಕಣ್ಣಲ್ಲಿ ನೀರು ಬಂದರೆ ಅವರಿಗೆ ಬೇಸರವಾದೀತು.

ಎರಡು ಗಂಟೆಗೆ ಐದು ನಿಮಿಷವಿರುವಾಗ ಎರಡೂ ಕಾರು ಒಂದರ ಹಿಂದೆ ಒಂದು ಬಂದು ನಿಂತವು. ತಮ್ಮ ಇಳಿದು ಓಡುತ್ತಾ ಒಳಗೆ ಬಂದ. ಮುಖ ಬಾಡಿತ್ತು. ಅದನ್ನು ನಾನು ಒಪ್ಪುತ್ತೇನೆ, ಅವನು ಹೆದರಿದ್ದ. ನನ್ನನ್ನು ಕಂಡ ಕೂಡಲೇ ಆ ಹೆದರಿಕೆ ಇಳಿದು ಹೋಯಿತು, ಅದರ ಜಾಗಕ್ಕೆ ಯಾವಾಗಿನ ಮುಖ ಬಂತು.

"ನೀನು ಭಾವನ ಕಾರಲ್ಲಿದ್ದಿ ಅಂತ ಎಣಿಸಿದ್ದು ಅಕ್ಕ. ಗೊತ್ತಾದ ಕೂಡಲೇ ತಿರುಗಿಸಿದ್ದು. ಬಾ, ಹತ್ತು, ಹೊತ್ತಾಯ್ತು."

ಅವನ ಹಿಂದೆ ಹೆಂಡತಿ ಬಂದಳು. ಅತ್ತಿಗೆ, ಫೋನು ಯಾಕೆ ಬಿಟ್ಟು ಹೋದದ್ದು ನೀವು, ಎಷ್ಟು ಟೆನ್ಶನ್ ಆಯ್ತು ನಮಗೆ ಎಂದಳು. ಅವರ ಟೆನ್ಶನ್ನಿಗೆ ನಾನು ಉತ್ತರ ಕೊಡಬೇಕಿತ್ತು. ಗೊತ್ತಾದ ಕೂಡಲೇ ಅಂದರೆ ಎಷ್ಟು ಹೊತ್ತಿಗೆ ಎಂದು ತಮ್ಮನನ್ನು ಕೇಳಿದೆ. ಆಗಲೇ, ಮೇಲೆ ಹೋಗಿ ಮುಟ್ಟಿದಾಗಲೇ ಎಂದ. ನಾನು ಗಡಿಯಾರ ನೋಡಿದೆ. ಬೆಟ್ಟ ಹತ್ತಲು ಮುಕ್ಕಾಲು ಗಂಟೆ, ಇಳಿಯಲು ಅಷ್ಟೇ ಎಂದು ಕೆಫೆಟೀರಿಯಾದವರು ಹೇಳಿದ್ದರು. ಮುಕ್ಕಾಲು ಗಂಟೆಗೂ ಮಿಕ್ಕಿದ ಹೊತ್ತು ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ನಾನು ಹೊರಗೆ ಹೋದೆ. ಕೈಚೀಲ ಹಿಂದಿನ ಸೀಟಿನಲ್ಲಿರಲಿಲ್ಲ, ಡಿಕ್ಕಿಯಲ್ಲಿದೆ ಎಂದರು. ಡಿಕ್ಕಿ ತೆಗೆದೆ. ಕಪ್ಪು ಕಸದ ಚೀಲದಲ್ಲಿ ಪೇಪರ್ ತಟ್ಟೆಗಳು, ಕೋಳಿಯ ಎಲುಬು, ಮುದ್ದೆ ಮಾಡಿದ ಟಿಶ್ಯೂ. ಘೀ ರೈಸಿನ ದೊಡ್ಡ ಡಬ್ಬ ಖಾಲಿ. ಮೊಸರನ್ನದ ಪಾತ್ರೆಯ ಅಂಚನ್ನು ಯಾರೋ ಬೆರಳಿನಿಂದ ಬಳಿದು ನೆಕ್ಕಿದ್ದ ಗುರುತು. ಅವರು ಊಟ ಮಾಡಿ ಬಂದಿದ್ದರು. ನಾನಿಲ್ಲವೆಂದು ಗೊತ್ತಾದದ್ದು ಊಟಕ್ಕೆ ಕೂತಾಗ, ಬಡಿಸುವವರು ಯಾರು ಎಂದಾಗ. ಗೊತ್ತಾದ ಮೇಲೆಯೂ ಕೂತು ಉಂಡಿದ್ದರು. ತಾವೇ ಬಡಿಸಿಕೊಂಡು, ಎರಡನೆಯ ಸಲವೂ ಹಾಕಿಸಿಕೊಂಡು, ಎಲ್ಲ ಕಟ್ಟಿ, ಆಮೇಲೆ ಇಳಿದು ಬಂದಿದ್ದರು.

ತಮ್ಮನ ಹೆಂಡತಿ ನನ್ನ ಬೆನ್ನ ಹಿಂದೆ ನಿಂತು ಒಂದು ಸಣ್ಣ ಡಬ್ಬ ಚಾಚಿದಳು. "ನಿಮಗೆ ತೆಗೆದಿಟ್ಟಿದ್ದೇವೆ ಅತ್ತಿಗೆ," ಎಂದಳು.

ಅವಳು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಅದು ನನಗೆ ಗೊತ್ತು. ಅದೇ ನನಗೆ ಸಹಿಸಲಾಗಲಿಲ್ಲ. ನಾನು ಡಬ್ಬ ತೆಗೆದುಕೊಳ್ಳಲಿಲ್ಲ. ಕೈಚೀಲ ತೆಗೆದುಕೊಂಡೆ. ಭಾವನ ಕಾರಿನ ಬಳಿ ಹೋಗಿ ಗಾಜು ತಟ್ಟಿ ಸೊಸೆಯ ಕೈಯಿಂದ ನನ್ನ ಫೋನು ತೆಗೆದುಕೊಂಡೆ. ಅವಳು ನನ್ನ ಮುಖ ನೋಡಿ ಟ್ಯಾಬು ಕೆಳಗಿಟ್ಟಳು. ಭಾವ ಮಾತ್ರ ನಗುತ್ತಾ, ಎಂತ ಅಕ್ಕ, ಕೆಫೆಟೀರಿಯಾದಲ್ಲಿ ಕೆಲಸಕ್ಕೆ ಸೇರಿದಿರಾ ಎಂದರು. ಆ ಕಥೆಯ ಮೊದಲ ಸಾಲು ಅಲ್ಲಿಯೇ ಹುಟ್ಟಿದ್ದು.

ನಾನು ವಾಪಸು ಒಳಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತೆ. ತಮ್ಮ ಬಂದ.

"ನೀವು ಹೋಗಿ. ನಾನು ಬಸ್ಸಿನಲ್ಲಿ ಬರ್ತೇನೆ," ಎಂದೆ.

"ಎಂತ ಹಟ ಇದು ಅಕ್ಕ? ಜನ ನೋಡ್ತಾರೆ."

"ಹನ್ನೊಂದೂವರೆಯಿಂದ ನೋಡ್ತಾ ಇದ್ದಾರೆ."

ಅವನು ನಿಂತ. ಕೂತ. ಬೇಡಿಕೊಂಡ, ಆಮೇಲೆ ಗದರಿದ, ಆಮೇಲೆ ಅಮ್ಮನ ಹೆಸರು ತೆಗೆದ. ಹೊರಗೆ ಭಾವ ಹಾರ್ನ್ ಹೊಡೆದರು. ಕೆಫೆಟೀರಿಯಾದವರು ಅಭ್ಯಾಸಬಲದಿಂದ ಟ್ರೇ ಹಿಡಿದು ಬಾಗಿಲವರೆಗೆ ಹೋದವರು ಅದು ಯಾರ ಹಾರ್ನೆಂದು ನೋಡಿ ತಿರುಗಿ ಬಂದರು, ಟ್ರೇ ಕೆಳಗಿಟ್ಟರು. ಹಾರ್ನ್ ಮತ್ತೆರಡು ಸಲ ಆಯಿತು. ಅವರು ಬಟ್ಟೆ ತೆಗೆದುಕೊಂಡು ಕೌಂಟರ್ ಒರೆಸಿದರು. ಆ ದಿನ ನನ್ನ ಪರವಾಗಿ ಯಾರಾದರೂ ಏನಾದರೂ ಮಾಡಿದ್ದರೆ ಅದು ಅಷ್ಟೇ, ಮತ್ತು ನನಗೆ ಅದು ಸಾಕಿತ್ತು.

ಎರಡೂವರೆಗೆ ಕಾರುಗಳು ಹೊರಟವು. ತಮ್ಮ ಕೊನೆಯವರೆಗೂ ಹಿಂತಿರುಗಿ ನೋಡುತ್ತಿದ್ದ. ನಾನು ಈಗ ಏಳುತ್ತೇನೆ, ಈಗ ಏಳುತ್ತೇನೆ ಎಂದು ಅವನು ಎಣಿಸಿರಬೇಕು. ಹದಿನಾಲ್ಕು ವರ್ಷ ಪ್ರತಿ ಸಲವೂ ನಾನು ಎದ್ದಿದ್ದೆನಲ್ಲ.

ಕೆಫೆಟೀರಿಯಾದವರು ಪರಿಚಯದ ಟ್ಯಾಕ್ಸಿಯೊಂದನ್ನು ಕರೆಸಿದರು. ತಿಂದದ್ದಕ್ಕೆ ಹಣ ತೆಗೆದುಕೊಳ್ಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಮಾಡಿದ್ದರೆ ಅವಮಾನ ಮಾಡಿದಂತಾಗುತ್ತಿತ್ತು. ಅವರ ಊರಿನ ವಿಳಾಸ ಬರೆದುಕೊಂಡೆ. ರಾಸ್ ಅಲ್ ಖೈಮಾದ ಬಸ್ ಸ್ಟೇಶನ್ನಿನಲ್ಲಿ ಅಬುಧಾಬಿಯ ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕದ ಸೀಟು. ಕಾಲು ಪೂರ್ತಿ ಚಾಚಿಕೊಂಡು ಕೂತೆ. ದಾರಿಯುದ್ದಕ್ಕೂ ಫೋನು ಹೊಡೆದುಕೊಳ್ಳುತ್ತಿತ್ತು, ಎತ್ತಲಿಲ್ಲ. ಬಸ್ಸಿನಲ್ಲಿ ಅಳುತ್ತಾ ಕೂತಿದ್ದೆನೆಂದು ಯಾರಾದರೂ ಎಣಿಸಿದರೆ ತಪ್ಪು. ಅಳು ಬರಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು, ಅಷ್ಟೇ.

ಮುಂದಿನ ವಾರವೇ ಬೇರೆ ಜಾಗ ಹುಡುಕಿದೆ. ನಮ್ಮ ಕ್ಲಿನಿಕ್ಕಿನ ನರ್ಸ್ ಒಬ್ಬಳ ಜೊತೆ ಒಂದು ಕೋಣೆ ಶೇರಿಂಗಿಗೆ ಸಿಕ್ಕಿತು, ಹಮ್ದಾನ್ ಸ್ಟ್ರೀಟಿನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ತಿಂಗಳ ಕೊನೆಗೆ ಎರಡು ಸೂಟ್‌ಕೇಸ್ ಕಟ್ಟಿದೆ. ತಮ್ಮನ ಹೆಂಡತಿ ಅತ್ತಳು, ಒಂದು ಊಟಕ್ಕೆ ಇಷ್ಟೆಲ್ಲಾ ಮಾಡುವುದಾ ಎಂದಳು. ಊಟಕ್ಕಲ್ಲ ಎಂದು ವಿವರಿಸಲು ನನಗೆ ಶಕ್ತಿಯಿರಲಿಲ್ಲ. ವಿವರಿಸಿದರೆ ಅರ್ಥವಾಗುವ ವಿಷಯವಾಗಿದ್ದರೆ ವಿವರಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಊರಿನಿಂದ ಚಿಕ್ಕಪ್ಪ ಫೋನ್ ಮಾಡಿ ಬುದ್ಧಿ ಹೇಳಿದರು. ಒಂಟಿ ಹೆಂಗಸು ಬೇರೆ ಇದ್ದರೆ ಜನ ಏನು ಹೇಳಿಯಾರು ಎಂದರು. ಹೇಳುವ ಜನರ ನಂಬರು ಕೊಡಿ, ನಾನೇ ಮಾತಾಡುತ್ತೇನೆ ಎಂದೆ. ಚಿಕ್ಕಪ್ಪ ಆಮೇಲೆ ಒಂದು ವರ್ಷ ಫೋನ್ ಮಾಡಲಿಲ್ಲ.

ಸೊಸೆ ಮೊದಲ ಸಲ ಬಂದದ್ದು ನಾಲ್ಕು ತಿಂಗಳ ಮೇಲೆ, ಶಾಲೆ ಮುಗಿಸಿ ಸೀದಾ. ನನ್ನ ಕೋಣೆಯನ್ನು ಸುತ್ತ ನೋಡಿದಳು. ಒಂದೇ ಕಿಟಕಿ, ಅದರ ಎದುರು ಇನ್ನೊಂದು ಕಟ್ಟಡದ ಎ.ಸಿ.ಗಳು. "ಇಟ್ಸ್ ನೈಸ್," ಎಂದಳು. ಆಮೇಲೆ ಕನ್ನಡದಲ್ಲಿ, ತಡವರಿಸುತ್ತಾ, ನನಗೆ ಊಟ ಮಾಡ್ಲಿಕ್ಕೆ ಆಗ್ಲಿಲ್ಲ ಅತ್ತೆ ಆ ದಿನ, ಹೋಗುವ ಹೋಗುವ ಅಂತ ಹೇಳಿದೆ, ಯಾರೂ ಕೇಳ್ಲಿಲ್ಲ ಎಂದಳು. ನಾನು ನಂಬಿದೆ. ಅವಳ ಮೇಲಿದ್ದ ಸಿಟ್ಟು ಅವತ್ತು ಹೋಯಿತು. ಉಳಿದವರ ಮೇಲಿನದ್ದು ಅದರಿಂದ ಇನ್ನೂ ಗಟ್ಟಿಯಾಯಿತು. ಅಷ್ಟು ದೊಡ್ಡವರ ನಡುವೆ ಆ ಮಾತು ಹೇಳಲು ಒಂದು ಮಗು ಬೇಕಾಯಿತಲ್ಲ.

ಈಗ ಎರಡು ತಿಂಗಳ ಹಿಂದೆ ತಮ್ಮ ನಮ್ಮ ಕ್ಲಿನಿಕ್ಕಿಗೆ ಬಂದ. ಸುಸ್ತು, ತೂಕ ಇಳಿದಿದೆ; ಡಾಕ್ಟರು ಸಕ್ಕರೆ ಪರೀಕ್ಷೆಗೆ ಬರೆದಿದ್ದರು. ಬೆಳಿಗ್ಗೆ ಏಳೂವರೆ, ಏನೂ ತಿನ್ನದೆ ಬರಬೇಕಾದ ಪರೀಕ್ಷೆ. ಆ ಹೊತ್ತಿಗೆ ಲ್ಯಾಬಿನಲ್ಲಿ ನಾನೊಬ್ಬಳೇ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬಂದದ್ದೆಂದು ನನ್ನ ಅಂದಾಜು. ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಿ ಕೈ ಚಾಚಿದ. ನಾನು ಪಟ್ಟಿ ಕಟ್ಟಿ, ಮುಷ್ಟಿ ಹಿಡಿ ಎಂದೆ. ಹಿಡಿದ.

"ಅಕ್ಕ, ಆ ದಿನ..." ಎಂದ. "ಮಕ್ಕಳಿಗೆ ಹಸಿವಾಗಿತ್ತು."

ಮಕ್ಕಳು ಎಂದರೆ ಇದ್ದದ್ದು ಒಬ್ಬಳು. ಅವಳು ಉಂಡಿರಲಿಲ್ಲ. ನಾನು ಅದನ್ನು ಹೇಳಲಿಲ್ಲ. ಸ್ಪಿರಿಟಿನ ಹತ್ತಿಯಿಂದ ನರದ ಮೇಲೆ ಒರೆಸುತ್ತಾ ಕೇಳಿದೆ, "ನಿನಗೆ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ.

"ನನಗೂ," ಎಂದ.

ಇಷ್ಟು ವರ್ಷದಲ್ಲಿ ಆ ದಿನದ ಬಗ್ಗೆ ಅವನು ಹೇಳಿದ ಮೊದಲ ನಿಜ ಅದು. ನಾನು ಸೂಜಿ ಹಾಕಿದೆ. ಒಂದೇ ಸಲಕ್ಕೆ ನರ ಸಿಕ್ಕಿತು. ಕ್ಷಮೆ ಎನ್ನುವುದು ಹೊಟ್ಟೆಯೊಳಗಿನಿಂದ ತಾನಾಗಿ ಎದ್ದು ಬರುತ್ತದೆ ಎಂದು ಕೇಳಿದ್ದೇನೆ. ಏನೂ ಎದ್ದು ಬರಲಿಲ್ಲ. ಸಿಟ್ಟು ಇದ್ದಲ್ಲಿಯೇ ಇತ್ತು. ಆದರೆ ಅವನ ತೋಳು ಎಷ್ಟು ಸಪುರವಾಗಿದೆ ಎಂಬುದೂ ಕಣ್ಣಿಗೆ ಬಿತ್ತು. ಹತ್ತಿ ಇಟ್ಟು, ಎರಡು ನಿಮಿಷ ಒತ್ತಿ ಹಿಡಿ, ಈಗ ಏನಾದರೂ ತಿನ್ನು, ಇನ್ನೆರಡು ಗಂಟೆ ಬಿಟ್ಟು ತಿಂದ ಮೇಲಿನ ಪರೀಕ್ಷೆಗೆ ಮತ್ತೆ ಬಾ ಎಂದೆ. ಎಲ್ಲಿ ತಿನ್ನುವುದು ಎಂದು ಕೇಳಿದ. ಕೆಳಗೆ ಹೋಟೆಲ್ ಉಂಟು ಎಂದೆ.

ಅವನು ಎದ್ದು ಹೋದ. ನಾನು ಕೈಗವಸು ಬದಲಿಸಿ ಮುಂದಿನವರ ಟೋಕನ್ ನಂಬರು ಕರೆದೆ.